ನಾಲ್ಕನೆಯ ಹೊಡೆತದ ಜಾಗ

ಕ್ಲೀವನ್ ಟಾಲ್ಬರ್ಟನನ್ನು ಏನಾದರೂ ಕೇಳಿದರೆ, ಉತ್ತರಕ್ಕೆ ಮುನ್ನ ಒಂದು ಖಾಲಿ ಜಾಗ ಬರುತ್ತದೆ. ಹೊಸಬರು ಅವನಿಗೆ ಕಿವಿ ಮಂದವೆಂದು ತಿಳಿದು ಇನ್ನಷ್ಟು ಗಟ್ಟಿಯಾಗಿ ಕೇಳುತ್ತಾರೆ. ಅವನು ಮತ್ತೆ ಅಷ್ಟೇ ಹೊತ್ತು ತೆಗೆದುಕೊಂಡು ಮೊದಲ ಸಲ ಕೇಳಿದ್ದಕ್ಕೆ ಉತ್ತರಿಸುತ್ತಾನೆ. ನಡಿಗೆಯೂ ಹಾಗೆಯೇ: ಬಲಗಾಲು ಸಮಯಕ್ಕೆ ಸರಿಯಾಗಿ ನೆಲ ಮುಟ್ಟಿದರೆ, ಎಡಗಾಲು ಕೂದಲೆಳೆಯಷ್ಟು ತಡವಾಗಿ, ಕರೆದರೆ ಬಂದೇನು ಎಂಬ ಠೀವಿಯಲ್ಲಿ ಬರುತ್ತದೆ. ನಮ್ಮೂರು ಮೇಕನ್ನಿನ ಜುಲೈ ಧಗೆಯಲ್ಲಿ ಪಾದ್ರಿಗಳೇ ಉಪದೇಶವನ್ನು ಅರ್ಧಕ್ಕೆ ಮೊಟಕುಗೊಳಿಸುವಾಗ, ಇವನು ಕಂದುಬಣ್ಣದ ಉಣ್ಣೆಯ ಕೋಟು ತೊಟ್ಟು ಚರ್ಚಿನ ಬಾಗಿಲಲ್ಲಿ ನಿಂತು ಬಂದವರನ್ನು ಅವರವರ ಬೆಂಚಿಗೆ ಕರೆದೊಯ್ಯುತ್ತಾನೆ. ಆ ಕೋಟಿನ ಒಳಜೇಬಿನಲ್ಲಿ, ಬೈಬಲ್ಲಿನ ಪಕ್ಕದಲ್ಲಿ, ಒಂದು ಸ್ಕ್ರೂಡ್ರೈವರ್ ಇರುತ್ತದೆ.

ಮೂವತ್ತು ವರ್ಷಗಳ ಹಿಂದೆ ನಾವು ಮೂವರು ‘ಕೆಂಪುಮಣ್ಣು’ ಎಂಬ ರ‍್ಯಾಪ್ ತಂಡ ಕಟ್ಟಿದ್ದೆವು. ಸಂಗೀತವೆಲ್ಲ ಕ್ಲೀವನ್‌ನದು, ಕಂಠ ರೋಡೆಲ್ ಗೇನ್ಸ್‌ನದು, ಕನ್ನಡಕ ನನ್ನದು. ಆ ಕನ್ನಡಕದಿಂದಾಗಿಯೇ ನಾನು ‘ಪ್ರೊಫೆಸರ್’. ರೋಡೆಲ್ ಉಸಿರೆಳೆದುಕೊಳ್ಳಲು ನಿಲ್ಲಿಸಿದಾಗ ನಾನು ಒಂದೆರಡು ಸಾಲು ಹೇಳುತ್ತಿದ್ದೆ. ಹೀಗಾಗಿ ನಮ್ಮ ಏಕೈಕ ಆಲ್ಬಮ್ ‘ಚರ್ಚ್ ಬಿಟ್ಟ ಮೇಲೆ’ಯಲ್ಲಿ ನನ್ನ ಪಾಲು ಎಷ್ಟೆಂಬುದು ಅವನ ಶ್ವಾಸಕೋಶದ ಆರೋಗ್ಯವನ್ನು ಅವಲಂಬಿಸಿತ್ತು. ದುರದೃಷ್ಟವಶಾತ್ ಆಗ ಅದು ಬಹಳ ಚೆನ್ನಾಗಿತ್ತು.

ಆಲ್ಬಮ್ ಹುಟ್ಟಿದ್ದು ಕ್ಲೀವನ್‌ನ ಅತ್ತೆ ಎರ್ನೆಸ್ಟೀನಳ ಬಟ್ಟೆ ಒಗೆಯುವ ಕೋಣೆಯಲ್ಲಿ, ಗೋಡೆಗೆ ನೇತುಹಾಕಿದ ಕಂಬಳಿಗಳ ನಡುವೆ. ಡ್ರಮ್ ಮಷೀನಿನ ಹೊಡೆತವನ್ನು ಅವನು ತನ್ನ ಎಡಗಾಲಿನಷ್ಟೇ ತಡವಾಗಿಸುತ್ತಿದ್ದ. ಅದರ ಮೇಲೆ ಚರ್ಚಿನ ಆರ್ಗನ್ನು, ನುಡಿಸಿದವಳ ಬೂಟು ಪೆಡಲಿನ ಮೇಲೆ ಸರಿಯುವ ಸದ್ದಿನ ಸಮೇತ. ಎಲ್ಲಕ್ಕೂ ತಳದಲ್ಲಿ, ಕಿವಿಗಿಂತ ಮೊದಲು ಹೊಟ್ಟೆಗೆ ತಿಳಿಯುವಂಥ ಬೇಸ್. ಆದರೆ ಅಂತಿಮ ತೀರ್ಪು ಕೊಡುತ್ತಿದ್ದುದು ರೋಡೆಲ್‌ನ ಹಳೆಯ ಹಸಿರು ಕಾರು. ಡಿಕ್ಕಿಯಲ್ಲಿ ಎರಡು ದೈತ್ಯ ಸ್ಪೀಕರುಗಳು. ಕಿಟಕಿ ಮುಚ್ಚಿ, ಏಸಿಯ ಗೊರಗೊರ ಅಡ್ಡಬರದಂತೆ ಅದನ್ನೂ ಆರಿಸಿ, ಪ್ರತಿ ಹಾಡನ್ನೂ ಒಳಗೆ ಬೆಂದು ಕೇಳಬೇಕಿತ್ತು. ಎರ್ನೆಸ್ಟೀನ್ ಅತ್ತೆ ಜಗಲಿಯಲ್ಲಿ ಬೇಯಿಸಿದ ಕಡಲೆಕಾಯಿ ಸುಲಿಯುತ್ತಾ ಕೇಳುತ್ತಿದ್ದಳು:

“ಏನ್ರೋ, ಚರ್ಚಲ್ಲಿ ನರಕದ ವಿಷಯ ಕೇಳಿದ್ದು ಸಾಲ್ದು ಅಂತ ಇಲ್ಲಿ ಅಭ್ಯಾಸ ಬೇರೆ ಮಾಡ್ತಿದೀರಾ?”

ಆ ಕಾರಿನ ಹಿಂದಿನ ನಂಬರ್ ಪ್ಲೇಟು ಒಂದೇ ಸ್ಕ್ರೂವಿನ ಆಸರೆಯಲ್ಲಿತ್ತು. ರೋಡೆಲ್ ಒಮ್ಮೆ ಕಾರನ್ನು ಹಿಂದಕ್ಕೆ ತೆಗೆಯುವಾಗ ಚರ್ಚಿನ ಬೇಲಿಯ ಕಂಬಕ್ಕೆ ಗುದ್ದಿ ಪ್ಲೇಟನ್ನು ಸೊಟ್ಟಗೆ ಮಾಡಿದ್ದ. ಬೇಸ್ ಮೊಳಗಿದಾಗಲೆಲ್ಲ, ಸರಿಯಾಗಿ ತಾಳದ ನಾಲ್ಕನೆಯ ಹೊಡೆತದ ಮೇಲೆ, ಅದು ‘ಝರ್ರ್’ ಎನ್ನುತ್ತಿತ್ತು. ಹಾಡಿನ ಆ ಜಾಗದಲ್ಲಿ ಕ್ಲೀವನ್ ಮೊದಲು ಒಂದು ಚಪ್ಪಾಳೆಯ ಸದ್ದು ಇಟ್ಟಿದ್ದ.

“ಚಪ್ಪಾಳೆ ತೆಗ್ಯೋ,” ಎಂದ ರೋಡೆಲ್. “ಈ ಪ್ಲೇಟು ನಮ್ ತಂಡದಲ್ಲಿ ನಾಲ್ಕನೇವ್ನು. ಪ್ರೊಫೆಸರ್‌ಗಿಂತ ಚೆನ್ನಾಗಿ ತಾಳ ಹಿಡೀತಾನೆ.”

ಕ್ಲೀವನ್ ತೆಗೆದ. ಆಲ್ಬಮ್ಮಿನ ಹನ್ನೊಂದೂ ಹಾಡುಗಳಿಂದ ತೆಗೆದ. ಆ ಪ್ಲೇಟು ಲೋಕದ ಉಳಿದ ಕಾರುಗಳಲ್ಲಿ ಇಲ್ಲವೆಂಬ ಸರಳ ಸತ್ಯ ನಮ್ಮಲ್ಲಿ ಒಬ್ಬನಿಗೂ ಹೊಳೆಯಲಿಲ್ಲ. ಕ್ಯಾಸೆಟ್ಟು ಹೊರಬಿದ್ದ ಮೇಲೆ ನಮ್ಮೂರಿನವರು ತಂತಮ್ಮ ಪ್ಲೇಟಿನ ಸ್ಕ್ರೂ ಸಡಿಲಿಸಿಕೊಂಡು ಸುಧಾರಿಸಿಕೊಂಡರು. ದೂರದ ಪತ್ರಿಕೆಯವನೊಬ್ಬ ಮಾತ್ರ, ಆ ನಿಶ್ಶಬ್ದದಲ್ಲಿ ಪೂರ್ವಜರ ಮೌನ ಅಡಗಿದೆಯೇ ಎಂದು ನನ್ನನ್ನು ಕೇಳಿದ. ಹೌದೆಂದು ಕನ್ನಡಕ ತೆಗೆದು ಒರೆಸಿ ಹೇಳಿದೆ.

ರೋಡೆಲ್ ನಲವತ್ತು ತುಂಬುವ ಮೊದಲೇ, ಶ್ವಾಸಕೋಶದ ಕಾಯಿಲೆಯಿಂದಲೇ ತೀರಿಕೊಂಡ. ಕಾರು ಗುಜರಿಗೆ ಹೋಯಿತು. ಅದನ್ನು ಜಜ್ಜುವ ದಿನ ಕ್ಲೀವನ್ ಸ್ಕ್ರೂಡ್ರೈವರ್ ಹಿಡಿದು ಓಡಿದ. ಅವನು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಪ್ಲೇಟು ಸಿಕ್ಕಿತು. ಸ್ಕ್ರೂಡ್ರೈವರ್ ಅಂದಿನಿಂದ ಜೇಬಿನಲ್ಲೇ ಉಳಿಯಿತು.

ಈ ಬೇಸಿಗೆಯಲ್ಲಿ ಅಟ್ಲಾಂಟಾದ ಒಂದು ಕಂಪನಿಯಿಂದ ಬ್ರಿಯೆಲ್ ಎಂಬ ಹುಡುಗಿ ಬಂದಳು. ಆಲ್ಬಮ್ಮನ್ನು ಮತ್ತೆ ಹೊರತರುವ ಆಸೆ ಅವಳದು.

“ಅಂಕಲ್, ನಾಲ್ಕನೇ ಹೊಡೆತ ಖಾಲಿ ಇದೆ. ಈಗಿನವ್ರು ಇಯರ್‌ಫೋನ್ ಕೆಟ್ಟಿದೆ ಅನ್ಕೋತಾರೆ. ಅಲ್ಲೊಂದು ಚಪ್ಪಾಳೆ ಹಾಕ್ಲಾ?”

ಕ್ಲೀವನ್‌ನ ಖಾಲಿ ಜಾಗ ಆ ದಿನ ಎಷ್ಟು ಉದ್ದವಾಯಿತೆಂದರೆ ಹುಡುಗಿ ನನ್ನ ಮುಖ ನೋಡಿದಳು.

“ಭಾನುವಾರ ಹೇಳ್ತೀನಮ್ಮ,” ಎಂದ.

ಭಾನುವಾರ ಚರ್ಚ್ ಬಿಟ್ಟ ಮೇಲೆ ಅವನು ಆ ಪ್ಲೇಟನ್ನು ತಂದು ನನ್ನ ಕಾರಿನ ಡಿಕ್ಕಿಗೆ ಒಂದೇ ಸ್ಕ್ರೂವಿನಲ್ಲಿ ಸಿಕ್ಕಿಸಿದ. ಕಿಟಕಿ ಮುಚ್ಚಿದೆವು, ಏಸಿ ಆರಿಸಿದೆವು, ಆಲ್ಬಮ್ ಹಾಕಿದೆವು. ರೋಡೆಲ್ ಹಾಡತೊಡಗಿದ, ಇಪ್ಪತ್ತಾರರ ಹರೆಯದಲ್ಲೇ. ನಾಲ್ಕನೆಯ ಹೊಡೆತ ಬಂತು. ಹಿಂದಿನಿಂದ ಏನೂ ಕೇಳಲಿಲ್ಲ. ನನ್ನದು ಸಂಭಾವಿತ ಕಾರು. ಕುಟುಂಬಸ್ಥರಿಗೆಂದೇ ಮಾಡಿದ್ದು, ಎಷ್ಟು ಕೂಗಿದರೂ ಮೈ ಅಲುಗಿಸುವುದಿಲ್ಲ.

ಕ್ಲೀವನ್ ಇಳಿದು ಬಾಗಿಲು ಹಾಕಿದ. ಹಿಂದೆ ಹೋಗಿ, ಎಡ ಅಂಗೈಯನ್ನು ಡಿಕ್ಕಿಯ ಮೇಲಿಟ್ಟು ಬೇಸ್ ಎಣಿಸುತ್ತಾ, ಬಲಗೈ ಬೆರಳಿನಿಂದ ಪ್ಲೇಟನ್ನು ಮೀಟಿದ. ‘ಝರ್ರ್’. ಕೂದಲೆಳೆಯಷ್ಟು ತಡವಾಗಿ, ಅಂದರೆ ಅಚ್ಚುಕಟ್ಟಾಗಿ. ಒಳಗೆ ಒಬ್ಬನೇ ಕುಳಿತ ನನಗೆ ಇಡೀ ಒಂದು ಹಾಡಿನುದ್ದಕ್ಕೂ ತಂಡ ಪೂರ್ತಿಯಾಯಿತು. ರೋಡೆಲ್ ಉಸಿರೆಳೆದುಕೊಂಡಲ್ಲೆಲ್ಲ ನನ್ನ ಬಡಪಾಯಿ ದನಿಯೂ ಬಂದು ಹೋಯಿತು. ಹಿಂದಿನ ಗಾಜಿನಲ್ಲಿ ಕಂದು ಕೋಟು ಕಾಣುತ್ತಿತ್ತು. ಅಲ್ಲಿ ನಿಂತವನಿಗೆ ರೋಡೆಲ್‌ನ ಒಂದು ಮಾತೂ ಕೇಳುವಂತಿರಲಿಲ್ಲ.

ಹಾಡು ಮುಗಿದಾಗ ಇಳಿದು, “ನೀನ್ ಕೂತ್ಕೋ, ನಾನ್ ಮೀಟ್ತೀನಿ,” ಎಂದೆ. ಅವನು ಕುಳಿತ. ನಾನು ಪ್ರಾಮಾಣಿಕವಾಗಿ ಮೀಟಿದೆ: ಮೂರಕ್ಕೆ, ಐದಕ್ಕೆ, ಒಮ್ಮೆ ಎರಡು ಹಾಡುಗಳ ನಡುವೆಯೂ. ಅವನು ಕಿಟಕಿ ಇಳಿಸಿದ. ಕಣ್ಣು ಒದ್ದೆಯಾಗಿತ್ತು, ನಗುತ್ತಿದ್ದ.

“ಸಾಕು ಬಿಡೋ ಪ್ರೊಫೆಸರ್. ರೋಡೆಲ್ ಎದ್ದು ಬಂದ್ಬಿಡ್ತಾನೆ, ನಿನ್ನ ಹೊಡೆಯೋಕೆ.”

ನಮ್ಮ ಚರ್ಚಿನಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ಅವರ ಜಾಗಕ್ಕೆ ಕಪ್ಪು ಬಟ್ಟೆ ಹೊದಿಸಿ ಒಂದು ತಿಂಗಳು ಯಾರನ್ನೂ ಕೂರಿಸುವುದಿಲ್ಲ. ಆ ಬಟ್ಟೆ ಹೊದಿಸುವುದೂ, ತಿಂಗಳು ಕಳೆದ ಮೇಲೆ ತೆಗೆಯುವುದೂ ಕ್ಲೀವನ್‌ನ ಕೆಲಸ. ಅಂದು ಸಂಜೆ ಅವನು ಬ್ರಿಯೆಲ್‌ಗೆ ಫೋನ್ ಮಾಡಿದ.

“ಖಾಲೀನೇ ಇರ್ಲಮ್ಮ. ಅಲ್ಲಿ ಒಬ್ರು ಕೂತಿದಾರೆ.”

ಇಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ತಮ್ಮ ಕೃತಿಯ ನಟ್ಟನಡುವೆ ಇನ್ನೊಬ್ಬರಿಗೆಂದು ಜಾಗ ಬಿಟ್ಟವರು, ಆ ಇನ್ನೊಬ್ಬರು ಹೊರಟುಹೋದ ಮೇಲೂ ಅದನ್ನು ಬೇರೆ ಯಾರಿಗೂ ಕೊಡದವರು. ಲೋಕ ಅದನ್ನು ಪ್ರತಿಭೆಯೆಂದು ಹೊಗಳಿದರೂ, ಕೊರತೆಯೆಂದು ತಿದ್ದಲು ಬಂದರೂ ಒಂದೇ ಬಗೆಯ ಮೌನದಿಂದ ನೋಡುವವರು. ಆ ಜಾಗ ಎಂದಾದರೊಮ್ಮೆ ತುಂಬಿ ಮಿಡಿದರೆ, ಅದು ಕೇಳಿಸುವುದು ಒಳಗೆ ಸುಖವಾಗಿ ಕುಳಿತ ನಮ್ಮಂಥ ತಾಳಗೆಟ್ಟವರಿಗೆ. ಅವರು ಹೊರಗೆ, ಬಿಸಿಲಿನಲ್ಲಿ, ಕೋಟು ತೊಟ್ಟು, ಡಿಕ್ಕಿಯ ಹಿಂದೆ ನಿಂತಿರುತ್ತಾರೆ.