ಗಿಡುಗ ಪಡೆಗೆ ಸೇರಿದ ನಮ್ಮ ಓನರು

ನಮ್ಮ ಮನೆಯ ಓನರು ಬೋರಣ್ಣನವರು ನೆಲ ನೋಡಿಕೊಂಡು ನಡೆದದ್ದನ್ನು ಈ ಹನ್ನೊಂದು ವರ್ಷಗಳಲ್ಲಿ ನಾನು ಒಮ್ಮೆಯೂ ಕಂಡಿಲ್ಲ. ಗದ್ದ ಮೇಲೆತ್ತಿ, ಕಣ್ಣು ಕಿರಿದು ಮಾಡಿ, ಬಲಗಿವಿಯನ್ನು ಚೂರು ಮುಂದಕ್ಕೆ ಚಾಚಿ, ಮೇಲಿನಿಂದ ಯಾರೋ ಹೆಸರು ಹಿಡಿದು ಕರೆದರೇನೋ ಎಂಬಂತೆ ನಡೆಯುತ್ತಾರೆ. ಪುಟ್ಟೇನಹಳ್ಳಿಯ ನಮ್ಮ ಅಡ್ಡರಸ್ತೆಯ ಚರಂಡಿಗೆ ಅವರು ಮೂರು ಸಲ ಬಿದ್ದಿದ್ದಾರೆ. ಮೂರು ಸಲವೂ ಬಿದ್ದ ಜಾಗದಿಂದಲೇ ಮೇಲೆ ಹೋಗುತ್ತಿದ್ದ ವಿಮಾನದ ಹೆಸರು ಹೇಳಿದ್ದಾರೆ. ಮೂರನೆಯ ಸಲ ಎತ್ತಲು ಹೋದವನು ನಾನೇ. ನಾನು ಕೈ ಕೊಟ್ಟರೆ ಅವರು ಅದನ್ನು ಹಿಡಿಯುವುದು ಬಿಟ್ಟು ಬೆರಳನ್ನು ಆಕಾಶಕ್ಕೆ ತೋರಿಸಿ, "ಎರಡು ಇಂಜಿನ್ನು ಮೇಷ್ಟ್ರೇ. ಒಂದು ಚೂರು ಕೆಮ್ತಾ ಇದೆ, ಕೇಳಿಸ್ತಾ?" ಎಂದರು. ನನಗೆ ಕೇಳಿಸಿದ್ದು ಚರಂಡಿಯ ನೀರಿನ ಸದ್ದು ಮಾತ್ರ.

ಈಗ ನಾವು ಬಾಡಿಗೆಗಿರುವ ಮೂರು ಮಹಡಿಯ ಕಟ್ಟಡವಿರುವಲ್ಲಿ ಅವರ ತಂದೆ ಲಕ್ಕಪ್ಪನವರ ರಾಗಿ ಹೊಲವಿತ್ತು. ಹಳೆಯ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಆ ಹೊಲದಿಂದ ಚೆನ್ನಾಗಿ ಕಾಣುತ್ತಿದ್ದವಂತೆ. ಕಳೆ ಕೀಳಲು ಕಳಿಸಿದ ಹುಡುಗ ಬೋರಣ್ಣ ಸಂಜೆಯ ತನಕ ಬದುವಿನ ಮೇಲೆ ಅಂಗಾತ ಮಲಗಿರುತ್ತಿದ್ದನಂತೆ. ಮುಂದೆ ವಿಮಾನಗಳೆಲ್ಲ ದೇವನಹಳ್ಳಿಯ ಕಡೆಗೆ ಹೊರಟುಹೋದ ವರ್ಷ ಈ ಮನೆಯಲ್ಲಿ ಸೂತಕದ ಕಳೆಯೇ ಇತ್ತೆಂದು ಅವರ ಹೆಂಡತಿ ಅಂಜನಮ್ಮನವರು ಹೇಳುತ್ತಾರೆ. ಯಲಹಂಕದಲ್ಲಿ ವಿಮಾನ ಪ್ರದರ್ಶನ ನಡೆದಾಗಲೆಲ್ಲ ಬೋರಣ್ಣನವರು ಡಬ್ಬಿಯಲ್ಲಿ ಚಿತ್ರಾನ್ನ ಕಟ್ಟಿಕೊಂಡು ಕತ್ತಲಿರುವಾಗಲೇ ಹೊರಡುತ್ತಾರೆ. ಬಂದ ಮೇಲೆ ನಾಲ್ಕು ದಿನ ಕತ್ತು ಹಿಡಿದುಕೊಂಡು ಮಲಗುತ್ತಾರೆ. ಮಗಳು ಅರ್ಪಿತಳ ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿಗೆ ಸರಿಯಾಗಿ ಯಾವುದೋ ಯುದ್ಧವಿಮಾನ ಗುಡುಗುತ್ತ ಹಾದುಹೋಯಿತಂತೆ. ಕನ್ಯಾಪಿತೃವಿನ ಕಣ್ಣು ಶಾಮಿಯಾನದ ಸಂದಿಗೆ ಹೋಯಿತು, ಧಾರೆಯ ನೀರು ಪುರೋಹಿತರ ಮೊಣಕಾಲಿಗೆ ಹೋಯಿತು.

ಓನರುಗಳಲ್ಲಿ ಅವರು ಉತ್ತಮ ಜಾತಿಯವರು. ನೀರಿಗೆ ತಕರಾರಿಲ್ಲ, ಗೋಡೆಗೆ ಮೊಳೆ ಹೊಡೆದರೆ ಮುಖ ಊದಿಸುವುದಿಲ್ಲ. ಒಂದೇ ಒಂದು ವಿಚಿತ್ರವೆಂದರೆ, ಗುಲಾಬಿ ಬಣ್ಣದ ತಮ್ಮ ಕಟ್ಟಡವನ್ನು ಅವರು "ಬೂದು ಬಿಲ್ಡಿಂಗು" ಎನ್ನುತ್ತಿದ್ದರು. ಕೊರಿಯರ್‌ನವರಿಗೆ ಫೋನಿನಲ್ಲಿ ಹಾಗೆಯೇ ಗುರುತು ಹೇಳುತ್ತಿದ್ದರು. ಆ ಬಡಪಾಯಿಗಳು ನಮ್ಮ ಮನೆಯ ಮುಂದೆಯೇ ಬೂದು ಬಣ್ಣ ಹುಡುಕುತ್ತ ಎರಡು ಸುತ್ತು ಹಾಕಿ ವಾಪಸಾಗುತ್ತಿದ್ದರು. ಓನರ ತಮಾಷೆಗೆ ನಗುವುದು ಬಾಡಿಗೆದಾರನ ಧರ್ಮವಾದ್ದರಿಂದ ನಾವೆಲ್ಲ ನಕ್ಕು ಸುಮ್ಮನಾಗಿದ್ದೆವು.

ಹದಿನೆಂಟನೆಯ ವಯಸ್ಸಿನಲ್ಲಿ ಬೋರಣ್ಣನವರು ವಾಯುಪಡೆಯ ಆಯ್ಕೆಗೆ ಹೋಗಿದ್ದರು. ಬರಹದ ಪರೀಕ್ಷೆ ಪಾಸಾಗಿತ್ತು. ಸೇರಲಿಲ್ಲ. ಯಾಕೆಂದು ಕೇಳಿದರೆ ಎರಡೇ ಪದದ ಉತ್ತರ: "ನಮ್ಮಪ್ಪ ಬಿಡ್ಲಿಲ್ಲ." ಈ ಮಾತನ್ನು ಅವರು ಹಾಲಿನವನ ಹತ್ತಿರ, ಮೀಟರ್ ನೋಡಲು ಬಂದವನ ಹತ್ತಿರ, ಅಷ್ಟೇಕೆ, ಕೇಳದವರ ಹತ್ತಿರವೂ ಹೇಳುತ್ತಿದ್ದರು. ನೆಂಟರಿಷ್ಟರೂ ಅದನ್ನೇ ಹೇಳುತ್ತಿದ್ದರು. ಅವರ ನಡುಮನೆಯ ಗೋಡೆಯಲ್ಲಿ ದಪ್ಪ ಮೀಸೆಯ ಲಕ್ಕಪ್ಪನವರು ಫೋಟೊದೊಳಗಿಂದ ದುರುಗುಟ್ಟಿ ನೋಡುತ್ತಾರೆ. ಮಗನ ಆಸೆಗೆ ಕಲ್ಲು ಹಾಕಿದ ಈ ಮುದುಕನನ್ನು ಕಂಡರೆ ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕು.

ಹೀಗಿರುವಾಗ ಎರಡನೆಯ ಮಹಡಿಯ ಬಾಡಿಗೆದಾರ ರಘು ಒಂದು ದಿನ ತನ್ನ ಕಂಪ್ಯೂಟರಿನಲ್ಲಿ ಯುದ್ಧವಿಮಾನ ಹಾರಿಸುವುದನ್ನು ಬೋರಣ್ಣನವರು ಮೆಟ್ಟಿಲ ಪಕ್ಕದ ಕಿಟಕಿಯಿಂದ ಕಂಡುಬಿಟ್ಟರು. ಅದು ಆಟವಲ್ಲವಂತೆ. ವಿಮಾನದ ಪ್ರತಿಯೊಂದು ಗುಂಡಿ, ಪ್ರತಿಯೊಂದು ಮುಳ್ಳು ನಿಜದ್ದರಂತೆಯೇ. ಬೇರೆ ಬೇರೆ ಊರುಗಳಲ್ಲಿ ಕೂತ ಹದಿನಾಲ್ಕು ಜನ ಇಂಟರ್ನೆಟ್ಟಿನ ಮೂಲಕ ಒಂದೇ ಆಕಾಶದಲ್ಲಿ ಒಟ್ಟಿಗೆ ಹಾರುತ್ತಾರೆ. ಅವರದ್ದೊಂದು ಪಡೆ, ಅದಕ್ಕೊಂದು ಹೆಸರು: ಗಿಡುಗ. ಬೋರಣ್ಣನವರು ಕಿಟಕಿಯ ಸರಳು ಹಿಡಿದುಕೊಂಡೇ ಕೇಳಿದರು: "ರಘು, ಇದಕ್ಕೆ ಅರವತ್ತೆರಡು ವರ್ಷದೋರನ್ನ ಸೇರಿಸ್ಕೋತಾರಾ?"

ಆಮೇಲೆ ಒಂದು ತಿಂಗಳು ಆ ಮನೆಯಲ್ಲಿ ನಡೆದದ್ದು ಗೃಹಪ್ರವೇಶಕ್ಕಿಂತ ದೊಡ್ಡ ಸಂಭ್ರಮ. ಹಿಂದೆ ರಾಗಿ ಮೂಟೆ ಇಡುತ್ತಿದ್ದ ಕೋಣೆ ವಿಮಾನದ ಗೂಡಾಯಿತು. ಗುಜರಿಗೆ ಹೋಗಬೇಕಿದ್ದ ಓಮ್ನಿ ಕಾರಿನ ಸೀಟು ಹಲಗೆಯ ಮೇಲೆ ಬೋಲ್ಟಾಗಿ ಕೂತಿತು. ಅದರ ಬೆಲ್ಟು ಕಟ್ಟಿಕೊಳ್ಳದೆ ಅವರು ಕಂಪ್ಯೂಟರ್ ಹಚ್ಚುತ್ತಿರಲಿಲ್ಲ. ಆಯುಧಪೂಜೆಯ ದಿನ ವಿಮಾನದ ಹಿಡಿಕೆಗೆ ಕುಂಕುಮವಿಟ್ಟು, ಪರದೆಯ ಎರಡೂ ಬದಿಗೆ ಬಾಳೆಕಂದು ಕಟ್ಟಿ, ಪೆಡಲಿನ ಕೆಳಗೆ ನಿಂಬೆಹಣ್ಣಿಟ್ಟು ತುಳಿದರು. ನಿಂಬೆಹಣ್ಣು ಜಾರಿ ಪೆಡಲಿನೊಳಗೆ ಸಿಕ್ಕಿಕೊಂಡು, ಎರಡು ದಿನ ವಿಮಾನ ಎಡಕ್ಕಷ್ಟೇ ತಿರುಗುತ್ತಿತ್ತು. ಪೈಲಟ್ಟುಗಳು ಹಾಕುವಂಥ ಹಸಿರು ನಿಲುವಂಗಿಯನ್ನು ಜಯನಗರದ ದರ್ಜಿಯೊಬ್ಬನ ಹತ್ತಿರ ಹೊಲಿಸಿದರು. ಅವನಿಗೆ ಗೊತ್ತಿದ್ದದ್ದು ಗ್ಯಾರೇಜಿನವರ ಅಂಗಿ. ಅದನ್ನು ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದಾಗ ಯಾರೋ ಸ್ಕೂಟರ್ ತಳ್ಳಿಕೊಂಡು ಬಂದು, "ಅಣ್ಣ, ಸ್ಟಾರ್ಟ್ ಆಗ್ತಿಲ್ಲ, ಸ್ವಲ್ಪ ನೋಡ್ತೀರಾ?" ಎಂದರೆ, ಬೋರಣ್ಣನವರು ಕುಕ್ಕುರುಗಾಲಲ್ಲಿ ಕೂತು ಪ್ಲಗ್ ಒರೆಸಿ ಸ್ಟಾರ್ಟ್ ಮಾಡಿಯೇ ಕಳಿಸಿದರು.

ಗಿಡುಗ ಪಡೆಯ ನಾಯಕಿ ಸುಮೇಧ ಎಂಬ ಇಪ್ಪತ್ತಾರರ ಹುಡುಗಿ. ಗಿರಿನಗರದಲ್ಲಿ ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರದ ಟ್ಯೂಷನ್ ಹೇಳುವವಳು. ಆಕೆಯ ಶಿಸ್ತು ದಂಡಿನ ಶಿಸ್ತು. ರೇಡಿಯೋದಲ್ಲಿ ಮಾತು ಚುಟುಕಾಗಿರಬೇಕು: ತಾನು ಯಾರು, ಎಲ್ಲಿದ್ದೇನೆ, ಎಷ್ಟು ಎತ್ತರ, ಮುಗಿಯಿತು. ಇನ್ನೊಂದು ಪದ್ಧತಿಯೂ ಉಂಟು. ಅಲ್ಲಿ ಯಾರೂ ತಮ್ಮ ಹಾರಾಟದ ಹೆಸರನ್ನು ತಾವೇ ಇಟ್ಟುಕೊಳ್ಳುವಂತಿಲ್ಲ. ಪೂರ್ಣ ಸದಸ್ಯರಾದ ದಿನ, ಅವರು ಅಲ್ಲಿಯವರೆಗೆ ಮಾಡಿದ ಅತಿ ದೊಡ್ಡ ಎಡವಟ್ಟನ್ನು ನೋಡಿ ಉಳಿದವರು ಇಡುತ್ತಾರೆ. ಹಾಗಾಗಲು ಮೂರು ಪರೀಕ್ಷೆ ಪಾಸಾಗಬೇಕು. ಮೇಲೇರುವುದು ಒಂದು, ಇಳಿಯುವುದು ಎರಡು, ಇನ್ನೊಂದು ವಿಮಾನದ ರೆಕ್ಕೆಗೆ ರೆಕ್ಕೆ ಕೊಟ್ಟು ಜೊತೆಯಲ್ಲಿ ಹಾರುವುದು ಮೂರು.

ಮೊದಲ ಭಾನುವಾರ ಬೋರಣ್ಣನವರು ರೇಡಿಯೋ ಒತ್ತಿ ಆಡಿದ ಮೊದಲ ಮಾತು ಎಲ್ಲರನ್ನೂ ಊಟವಾಯಿತೇ ಎಂದು ಹೆಸರು ಹಿಡಿದು ವಿಚಾರಿಸಿದ್ದು. ಹದಿಮೂರು ಜನರನ್ನು ಕೇಳಿ ನಾಯಕಿಯ ಸರದಿ ಬರುವಷ್ಟರಲ್ಲಿ ಅವರ ವಿಮಾನ ಕೆರೆಗೆ ಬಿದ್ದಿತ್ತು.

"ಬೋರಣ್ಣ ಸಾರ್, ರೇಡಿಯೋದಲ್ಲಿ ಕುಶಲೋಪರಿ ಬೇಡ," ಎಂದಳು ಸುಮೇಧ.

"ಆಯ್ತು ಮೇಡಂ. ನಿಮ್ದಾಯ್ತಾ ಊಟ?"

ಆದರೆ ಮನುಷ್ಯ ಬಿಡಲಿಲ್ಲ. ನಾಲ್ಕು ತಿಂಗಳು ಹಗಲೆಲ್ಲ ಅಭ್ಯಾಸ. ಮೊದಲ ಮಹಡಿಯ ನಮ್ಮ ಮನೆಯ ನೆಲ ಆ ಸದ್ದಿಗೆ ಜುಮ್ಮೆನ್ನುತ್ತಿತ್ತು. ಮೊದಲೆರಡು ಪರೀಕ್ಷೆಗಳನ್ನು ಅವರು ಸಲೀಸಾಗಿ ಮುಗಿಸಿದರು. ಮೂರನೆಯದು ಹತ್ತಿರ ಬಂದಂತೆ ಮಾತ್ರ ಯಾಕೋ ಇಳಿದುಹೋದರು. ಮುದ್ದೆ ಅರ್ಧಕ್ಕೇ ಬಿಡುತ್ತಿದ್ದರು. ಒಂದು ಬೆಳಿಗ್ಗೆ ಮಹಡಿಯ ಮೆಟ್ಟಿಲ ಮೇಲೆ ಕೂತು, "ಮೇಷ್ಟ್ರೇ, ಇವ್ರೂ ವಾಪಸ್ ಕಳಿಸ್ಬಿಟ್ರೆ ನಂಗೆ ಇನ್ನೊಂದ್ಸಲ ತಡ್ಕೊಳೋಕೆ ಆಗಲ್ಲ," ಎಂದರು. ತಡೆದವನು ಅಪ್ಪನಾದರೆ ಮೊದಲ ಸಲ ವಾಪಸ್ ಕಳಿಸಿದವರು ಯಾರು ಎಂದು ಕೇಳಬೇಕೆನ್ನಿಸಿತು. ಅವರ ಮುಖ ನೋಡಿ ಕೇಳಲಿಲ್ಲ.

ಪರೀಕ್ಷೆಯ ಭಾನುವಾರ ಸಂಜೆ ನಾಲ್ಕಕ್ಕೆ ನನಗೂ ಆಹ್ವಾನವಿತ್ತು. ಅಂಜನಮ್ಮನವರು ನಿಪ್ಪಟ್ಟಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಅವರಿಗೆ ಈ ವಿಮಾನದಲ್ಲಿ ನಂಬಿಕೆಯಿರಲಿಲ್ಲ, ಗಂಡ ಮಧ್ಯಾಹ್ನದ ಮುದ್ದೆ ಮುಟ್ಟಿರಲಿಲ್ಲ ಎಂಬುದಷ್ಟೇ ಗೊತ್ತಿತ್ತು. ರೇಡಿಯೋದ ಮಾತು ಕೋಣೆಗೆಲ್ಲ ಕೇಳುವಂತೆ ರಘು ಸ್ಪೀಕರ್ ಹಚ್ಚಿಕೊಟ್ಟು, ತನ್ನ ವಿಮಾನ ಹಾರಿಸಲು ಮಹಡಿಗೆ ಓಡಿದ. ಪರದೆಯ ಆಕಾಶದಲ್ಲಿ ಮುಂದೆ ಎರಡು ವಿಮಾನಗಳು ಕಂಡವು. ಒಂದರ ಬಾಲ ಕೆಂಪು, ಅದು ಸುಮೇಧಳದ್ದು. ಇನ್ನೊಂದರ ಬಾಲ ಹಸಿರು. ಆ ಆಕಾಶಕ್ಕೆ ಬೇಲಿಯಿಲ್ಲವಾದ್ದರಿಂದ ಹೊರಗಿನವನೊಬ್ಬ ತನ್ನ ಪಾಡಿಗೆ ತಾನು ಹಾರಿಕೊಂಡಿದ್ದ.

"ಬೋರಣ್ಣ ಸಾರ್, ಕೆಂಪು ಬಾಲದ ಪಕ್ಕಕ್ಕೆ ಬನ್ನಿ," ಎಂದಳು ಸುಮೇಧ.

ಬೋರಣ್ಣನವರು ಒಂದು ಕ್ಷಣ ಎರಡನ್ನೂ ನೋಡಿದರು. ಆಮೇಲೆ ಕಣ್ಣು ಮುಚ್ಚಿ ದೇವರ ಹೆಸರು ಹೇಳಿ ಹಸಿರು ಬಾಲದ ಪಕ್ಕಕ್ಕೆ ಹೋಗಿ ಸೇರಿಕೊಂಡರು. ಎಂಥ ಸೊಗಸಾಗಿ ಸೇರಿಕೊಂಡರೆಂದರೆ, ರೆಕ್ಕೆಗೂ ರೆಕ್ಕೆಗೂ ನಡುವೆ ಒಂದು ಮಂಚ ಹಿಡಿಸುವಷ್ಟೇ ಜಾಗ. ಆ ಅಪರಿಚಿತ ಬೆಚ್ಚಿ ಎಡಕ್ಕೆ ಹೊರಳಿದ, ಇವರೂ ಹೊರಳಿದರು. ಧುಮುಕಿದ, ಧುಮುಕಿದರು. ಬೆಟ್ಟ ಸುತ್ತಿದ, ಸುತ್ತಿದರು. ಸುಮೇಧ ಕೂಗುತ್ತಲೇ ಇದ್ದಳು, ಇವರಿಗೆ ಗಮನವಿಲ್ಲ. ಹನ್ನೆರಡು ನಿಮಿಷ ಹೀಗೆ ಸತಾಯಿಸಿಕೊಂಡು ಸುಸ್ತಾದ ಆ ಮನುಷ್ಯ ಕೊನೆಗೆ ಯಾವುದೋ ಊರಿನಲ್ಲಿ ಇಳಿದುಬಿಟ್ಟ. ಇವರೂ ಅವನ ಪಕ್ಕದಲ್ಲೇ ಹೂವಿನಂತೆ ಇಳಿದರು. ನೀನು ಯಾರು, ನನ್ನಿಂದ ನಿನಗೇನಾಗಬೇಕು ಎಂದು ಅವನು ಇಂಗ್ಲಿಷಿನಲ್ಲಿ ಕೇಳಿದ ಮೇಲೆಯೇ ಬೋರಣ್ಣನವರಿಗೆ ಆದದ್ದು ಅರಿವಾಯಿತು.

ಸ್ಪೀಕರಿನಲ್ಲಿ ಯಾರೋ ಕಿಸಕ್ಕೆಂದರು. "ಯಾರದೋ ಮದುವೆ ದಿಬ್ಬಣದ ಹಿಂದೆ ಹೋಗಿ ಊಟಕ್ಕೆ ಕೂತಂಗಾಯ್ತು, ಸಾರ್," ಎಂದಳು ಸುಮೇಧ. ಅವಳ ದನಿಯಲ್ಲೂ ನಗುವಿತ್ತು. "ಕೆಂಪು ಅಂದೆನಲ್ಲ, ಹಸಿರಿನ ಹಿಂದೆ ಯಾಕೆ ಹೋದ್ರಿ?"

ಬೋರಣ್ಣನವರು ಬೆಲ್ಟು ಬಿಚ್ಚಿದರು. ನೆಟ್‌ವರ್ಕ್ ಹೋಯಿತು ಎಂದು ಒಂದು ಸುಳ್ಳು ಹೇಳಿದ್ದರೆ ಇನ್ನೊಂದು ಅವಕಾಶ ಸಿಗುತ್ತಿತ್ತು. ನಾನಾಗಿದ್ದರೆ ಹೇಳುತ್ತಿದ್ದೆ. ಅವರು ಎದ್ದು ಹೋಗುತ್ತಾರೆಂದುಕೊಂಡೆ. ಮತ್ತೆ ಕೂತು ರೇಡಿಯೋ ಒತ್ತಿದರು.

"ಮೇಡಂ, ನಂಗೆ ಕೆಂಪು ಹಸಿರು ಗೊತ್ತಾಗಲ್ಲ. ಹುಟ್ಟಿದಾಗಿಂದ್ಲೂ ಅಷ್ಟೇ. ಏರ್‌ಫೋರ್ಸ್‌ನೋರು ಚುಕ್ಕೆ ಚುಕ್ಕೆ ಇರೋ ಪುಸ್ತಕ ತೋರ್ಸಿ, ಇದ್ರಲ್ಲಿ ಯಾವ ನಂಬರ್ ಇದೆ ಅಂದ್ರು. ನಂಗೆ ಬರೀ ಚುಕ್ಕೆ ಕಾಣಿಸ್ತು. ವಾಪಸ್ ಕಳ್ಸಿದ್ರು. ನಮ್ಮಪ್ಪ ಗೇಟ್ ಹತ್ರ ಕಾಯ್ಕೊಂಡು ನಿಂತಿದ್ದ. ಕಣ್ಣು ಐಬು ಅಂತ ಗೊತ್ತಾದ್ರೆ ನಾಳೆ ಯಾರೂ ಹೆಣ್ಣು ಕೊಡಲ್ಲ ಕಣೋ, ಅಪ್ಪನೇ ಬೇಡ ಅಂದ ಅಂತ ಹೇಳ್ಬಿಡು ಅಂದ. ನಲವತ್ನಾಲ್ಕು ವರ್ಷದಿಂದ ಹಂಗೇ ಹೇಳ್ಕೊಂಡ್ ಬಂದಿದೀನಿ. ಅವನು ಸತ್ತು ಹದಿನಾರು ವರ್ಷ ಆಯ್ತು, ಆದ್ರೂ ಹೇಳ್ತಾನೇ ಇದೀನಿ. ನನ್ನ ತೆಗೀಬೇಕು ಅಂದ್ರೆ ತೆಗೀರಿ ಮೇಡಂ."

ನಾನು ತಿರುಗಿ ನಡುಮನೆಯ ಗೋಡೆಯ ಕಡೆಗೆ ನೋಡಿದೆ. ಅಷ್ಟು ವರ್ಷ ಆ ಫೋಟೊವನ್ನು ಎಷ್ಟು ಹಗುರವಾಗಿ ಕಂಡಿದ್ದೆನೆಂದು ನಾಚಿಕೆಯಾಯಿತು.

"ಬೋರಣ್ಣ ಸಾರ್," ಎಂದಳು ಸುಮೇಧ, "ಇಲ್ಲಿ ಮೆಡಿಕಲ್ ಪಾಸಾದೋರು ಯಾರಿದಾರೆ ಹೇಳಿ? ಪಾಸಾಗಿದ್ರೆ ಭಾನುವಾರ ಸಾಯಂಕಾಲ ಹೆಡ್‌ಫೋನ್ ಹಾಕ್ಕೊಂಡು ಇಲ್ಲಿ ಯಾಕೆ ಕೂತಿರ್ತಿದ್ವಿ? ನಂದು ಎತ್ತರ ಎರಡು ಸೆಂಟಿಮೀಟರ್ ಕಡಿಮೆ ಆಯ್ತು."

ಅಲ್ಲಿಗೆ ಗಿಡುಗ ಪಡೆಯ ರೇಡಿಯೋ ಶಿಸ್ತು ಮಣ್ಣುಪಾಲಾಯಿತು. ನಂದು ಕಿವಿ ಎಂದರು ಒಬ್ಬರು, ನಂದು ಕನ್ನಡಕ ಎಂದರು ಮತ್ತೊಬ್ಬರು. "ನಂದು ಚಪ್ಪಟೆ ಪಾದ, ಅಂಕಲ್," ಎಂಬ ರಘುವಿನ ದನಿ ಸ್ಪೀಕರಿನಿಂದಲೂ ಮಹಡಿಯಿಂದಲೂ ಒಟ್ಟಿಗೇ ಕೇಳಿಸಿತು.

ಅಂಜನಮ್ಮನವರು ಮಾತ್ರ ನಿಪ್ಪಟ್ಟಿನ ತಟ್ಟೆ ಹಿಡಿದು ನಿಂತಲ್ಲೇ ನಿಂತಿದ್ದರು. "ಹಂಗಾದ್ರೆ ನಮ್ಮ ಮೊದಲ್ನೇ ಗೌರಿ ಹಬ್ಬಕ್ಕೆ ಹಸಿರು ಸೀರೆ ತನ್ನಿ ಅಂದ್ರೆ ಮಣ್ಣಿನ್ ಬಣ್ಣದ್ದು ತಂದ್ರಲ್ಲ, ಅದು ಇದಕ್ಕೇನಾ?"

"ಅದು ಹಸಿರಲ್ವಾ?" ಎಂದರು ಬೋರಣ್ಣನವರು.

"ಅಂಗಡೀಲಿ ಮಾವ್ನೋರೂ ಜೊತೇಲಿದ್ರು ಅಂತ, ಅಗ್ಗದ್ದು ಸಾಕು ಅಂತ ಅವರೇ ಹೇಳಿರ್ಬೇಕು ಅಂದ್ಕೊಂಡಿದ್ದೆ. ಆವಯ್ಯನ್ನ ನಾನು ಎಷ್ಟು ವರ್ಷ ಬೈಕೊಂಡೆ." ಅವರು ತಟ್ಟೆಯನ್ನು ನನ್ನ ಕೈಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಮುಂದಿನ ವಾರ ಸುಮೇಧ ಬಣ್ಣ ಹೇಳದೆ ಬಾಲದ ಮೇಲಿನ ನಂಬರು ಹೇಳಿದಳು, ಬೋರಣ್ಣನವರು ಪಾಸಾದರು. ಪಡೆಯ ಪದ್ಧತಿಯಂತೆ ನಾಮಕರಣವೂ ಆಯಿತು. ಈಗ ಆ ಆಕಾಶದಲ್ಲಿ ಅವರ ಹೆಸರು ದಿಬ್ಬಣ.

ಪಿತೃಪಕ್ಷದ ದಿನ ಅವರ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತಲಘಟ್ಟಪುರದಿಂದ ನೆಂಟರು ಬಂದಿದ್ದರು; ಕೋಳಿ ಮುಟ್ಟದ, ಹೆಸರುಕಾಳಿನ ಸಾರಿನವನಾದ ನನಗೂ ಮೂಲೆಯಲ್ಲೊಂದು ಎಲೆ ಹಾಕಿದ್ದರು. ಫೋಟೊದ ಮುಂದಿನ ಎಲೆಯಲ್ಲಿ ಮುದ್ದೆ, ಕೋಳಿ ಸಾರು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ಲಕ್ಕಪ್ಪನವರ ತಂಗಿ, ಎಂಬತ್ತೆಂಟರ ಅಕ್ಕಯಮ್ಮ, ಪ್ರತಿ ವರ್ಷದ ಮಾತನ್ನು ಈ ವರ್ಷವೂ ತೆಗೆದರು: "ನಮ್ಮಣ್ಣ ಅವತ್ತು ಬಿಟ್ಟಿದ್ರೆ ನೀನು ಎಲ್ಲೋ ಇರ್ತಿದ್ದೆ ಕಣೋ ಬೋರ."

ಬೋರಣ್ಣನವರು ಬಡಿಸುವ ಸೌಟನ್ನು ಕೆಳಗಿಟ್ಟರು. "ಇಲ್ಲ ಅತ್ತೆ. ಅಪ್ಪ ಬಿಟ್ಟಿದ್ದ. ನನ್ ಕಣ್ಣು ಬಿಡ್ಲಿಲ್ಲ." ಇಪ್ಪತ್ತು ಜನ ನೆಂಟರ ಮುಂದೆ ಇದ್ದದ್ದನ್ನೆಲ್ಲ ಹೇಳಿದರು.

ಅಕ್ಕಯಮ್ಮ ಫೋಟೊದ ಕಡೆಗೆ ತಿರುಗಿದರು. "ನಮ್ಮಣ್ಣ ಜನ್ಮದಲ್ಲಿ ಸುಳ್ಳು ಹೇಳ್ದೋನಲ್ಲ," ಎಂದರು. "ಒಂದೇ ಒಂದು ಹೇಳವ್ನೆ, ಅದೂ ನಿನಗೋಸ್ಕರ. ಅವನ ಎಲೆಗೆ ಇನ್ನೊಂದು ತುಂಡು ಹಾಕು."

ಬೋರಣ್ಣನಂಥವರು ಪ್ರತಿ ಬಡಾವಣೆಯಲ್ಲೂ ಒಬ್ಬರಾದರೂ ಇರುತ್ತಾರೆ. ಬಯಸಿದ್ದು ಕೈಗೆ ಸಿಕ್ಕವರು ಅದನ್ನು ಉದ್ಯೋಗವೆಂದು ಮಾಡಿ, ಪಿಂಚಣಿ ಪಡೆದು, ಬೇಸರಪಟ್ಟು ಮರೆಯುತ್ತಾರೆ. ಸಿಗದವರು ಮಾತ್ರ ಅದನ್ನು ಸಾಯುವ ತನಕ ಎಳೆಮಗುವಿನಂತೆ ಸಾಕುತ್ತಾರೆ. ಅವರನ್ನು ನೋಡಿ ನಗುವುದು ಸುಲಭ, ನಾನೂ ಸಾಕಷ್ಟು ನಕ್ಕಿದ್ದೇನೆ. ಆದರೆ ಆ ಆಸೆ ಅವಮಾನದ ಬಿಸಿಲಿಗೆ ಬಾಡದೆ ಉಳಿಯಬೇಕಾದರೆ, ಸೋಲಿನ ಕೆಟ್ಟ ಹೆಸರನ್ನು ಆ ಮನೆಯಲ್ಲಿ ಮತ್ತೊಬ್ಬರು ಯಾರೋ ತುಟಿ ಬಿಚ್ಚದೆ ಹೊತ್ತುಕೊಂಡಿರುತ್ತಾರೆ. ಅವರು ಯಾರೆಂದು ನಮಗೆ ತಿಳಿಯುವ ಹೊತ್ತಿಗೆ, ಸಾಮಾನ್ಯವಾಗಿ, ಕ್ಷಮೆ ಕೇಳಲು ಅವರಿಗೊಂದು ತುಂಡು ಹೆಚ್ಚಿಗೆ ಬಡಿಸುವುದನ್ನು ಬಿಟ್ಟು ಬೇರೆ ದಾರಿ ಉಳಿದಿರುವುದಿಲ್ಲ.