ಹಣೆಯ ಸುಳಿ, ಕಾಲಡಿಯ ಹುಲ್ಲು

ನಾನು ಒಂದು ಹೆಣ್ಣುಗುದುರೆ. ಬೆಟ್ಟದ ತಪ್ಪಲಿನ ಕುದುರೆ ಫಾರಂನಲ್ಲಿ ಹುಟ್ಟಿದೆ. ಅಂದು ನನ್ನ ಮೈ ಒರೆಸಿದ ಲಾಯದ ದಸ್ತಗೀರ್ ಸಾಬರು ಹಣೆ ನೋಡಿ ಮುಖ ಸಿಂಡರಿಸಿದರು. ಅಲ್ಲಿ ಜೋಡಿ ಸುಳಿ ಇತ್ತು. ಅಂಥ ಕುದುರೆ ಮನೆ ಹಾಳು ಮಾಡುತ್ತದಂತೆ. ಆದರೆ ನನ್ನ ಓಟ ನೋಡಿದ ಧಣಿ ವೀರರಾಜ ಅರಸರು ಸುಳಿಯನ್ನು ಮರೆತರು. ನಾನೂ ಮರೆತೆ.

ನಾನು ಮೊದಲ ಸಲ ಗಬ್ಬವಾದ ವರ್ಷ ಧಣಿ ಹಳೆಯ ಗರಿಕೆ ಕೀಳಿಸಿ, ಏಳು ಸಮುದ್ರದಾಚೆಯಿಂದ ಬೀಜ ತರಿಸಿ ಹೊಸ ಹುಲ್ಲು ಬೆಳೆಸಿದರು. ಎಷ್ಟು ತುಳಿದರೂ ಬಾಡದ ಹುಲ್ಲು. ಬಂದವರೆಲ್ಲ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಂಡರು. ನಾವು ತಿಂದೆವು. ತಿನ್ನಲು ಬೇರೇನಿತ್ತು?

ಹನ್ನೊಂದು ತಿಂಗಳು ತುಂಬಿತು, ಹನ್ನೆರಡೂ ತುಂಬಿತು. ಕೆಚ್ಚಲು ಬತ್ತಿದ ಹಾಗೇ ಇತ್ತು. ಕೊನೆಗೆ ಈಯುವಾಗ ಮರಿಯನ್ನು ಸುತ್ತಿದ್ದ ಮಾಸು ತೊಗಲಿನಷ್ಟು ದಪ್ಪ, ಹರಿಯಲೇ ಇಲ್ಲ. ನನ್ನ ಮಗು ಅದರೊಳಗೇ ಉಸಿರುಗಟ್ಟಿ ಸತ್ತಿತು. ಮುಂದಿನ ಸಲವೂ ಹಾಗೇ. ಪಕ್ಕದ ಲಾಯದ ಕುದುರೆಗಳ ಮರಿಗಳೂ ಹಾಗೇ ಸತ್ತವು. ಆ ತಾಯಂದಿರ ಹಣೆಯಲ್ಲಿ ಇದ್ದದ್ದು ಒಂದೇ ಸುಳಿ! ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

"ಈ ಜೋಡಿಸುಳಿ ಇಲ್ಲಿರೋ ತನ್ಕ ಒಂದ್ ಮರೀನೂ ಉಳಿಯಲ್ಲ ಧಣಿ. ಹುಟ್ಟಿದ್ ದಿನಾನೇ ಹೇಳಿದ್ದೆ" ಎಂದರು ಸಾಬರು.

ಹೀಗೆ ಮೂರನೆಯ ಬಸಿರು ಹೊತ್ತುಕೊಂಡೇ ನಾನು ಅಗ್ಗದ ಬೆಲೆಗೆ ಮೈಸೂರಿನ ಟಾಂಗಾ ಹೊಡೆಯುವ ಮಾದಯ್ಯನ ಪಾಲಾದೆ. ಅವನ ಹೆಂಡತಿ ಸಾಕಮ್ಮ ನನ್ನ ಹಣೆ ನೋಡಿ, ಹಾಳಾಗೋಕೆ ಮೊದಲು ಮನೆ ಅಂತ ಒಂದಿರಬೇಕಲ್ಲ ಎಂದು ನಕ್ಕಳು. ಕೆರೆಬದಿಯ ಗರಿಕೆ ಕೊಯ್ದು ತಂದಳು, ಹುರುಳಿ ನೆನೆಸಿಟ್ಟಳು. ದಿನ ತುಂಬುವ ಹೊತ್ತಿಗೆ ನನ್ನ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕಿತು. ಹೆಣ್ಣುಮರಿ ಹುಟ್ಟಿತು. ತೊಡರುಗಾಲಲ್ಲಿ ಎದ್ದು ನಿಂತು ಮೊಲೆ ಹುಡುಕಿತು.

ನೋಡಲು ಬಂದ ದನದ ಡಾಕ್ಟರಮ್ಮ ಮಾದಯ್ಯನಿಂದ ಫಾರಂನ ಕಥೆಯೆಲ್ಲ ಕೇಳಿಸಿಕೊಂಡರು. ಆ ಹುಲ್ಲಿನ ಎಸಳೊಳಗೆ ಕಣ್ಣಿಗೆ ಕಾಣದ ಬೂಷ್ಟು ಇರುತ್ತದೆ, ಗಬ್ಬದ ಕುದುರೆಯ ಹಾಲು ಬತ್ತಿಸಿ ಮಾಸು ದಪ್ಪಗಾಗಿಸುವುದು ಅದೇ ಎಂದರು. ರಾಕ್ಷಸ ತನ್ನ ಪ್ರಾಣವನ್ನು ಗಿಳಿಯೊಳಗೆ ಬಚ್ಚಿಟ್ಟ ಹಾಗೆ! ಅವರು ಫಾರಂಗೆ ಫೋನು ಮಾಡಿ ತಿಳಿಸಿದರು. ಧಣಿ ನಕ್ಕು ಫೋನಿಟ್ಟರು.

ಆದರೆ ಮರಿ ಬದುಕಿದ ಸುದ್ದಿ ಕೇಳಿ ಸಾಬರೊಂದಿಗೆ ಕಾರಿನಲ್ಲಿ ಬಂದರು. ಸಾಬರು ಮರಿಯ ಹಣೆ ಸವರಿ, ಒಂದೇ ಸುಳಿ ಎಂದು ಹಿಗ್ಗಿದರು. ನಮ್ಮ ಗಂಡುಕುದುರೆಯ ರಕ್ತ, ಮರಳಿ ಕೊಡಿ ಎಂದು ಧಣಿ ಕೇಳಿದರು. ನನಗೆಂದು ಡಿಕ್ಕಿಯಲ್ಲಿ ಉಡುಗೊರೆಯನ್ನೂ ತಂದಿದ್ದರು. ಅದೇ ಹುಲ್ಲಿನ ಕಟ್ಟು!

ಮಾದಯ್ಯ ಅರಸರ ಮುಂದೆ ತಲೆ ಕೆರೆದುಕೊಂಡು ನಿಂತ. ಸಾಕಮ್ಮ ಆ ಕಟ್ಟನ್ನು ಎತ್ತಿ ನೀರೊಲೆಗೆ ತುರುಕಿದಳು.

"ಹಣೆ ನೋಡಿದ್ದು ಸಾಕು ಬುದ್ಧಿ. ಮೊದ್ಲು ನಿಮ್ ಹುಲ್ಲು ನೋಡ್ಕೊಳ್ಳಿ. ಮರಿ ಕೊಡಾಕಿಲ್ಲ."

ಈಗ ನನ್ನ ಮಂಡಿ ಸೋತಿದೆ. ಟಾಂಗಾ ಎಳೆಯುವುದು ಮಗಳು. ನಾನು ಹಿತ್ತಲ ಚಪ್ಪರದ ಕೆಳಗೆ ನಿಂತಿರುತ್ತೇನೆ. ಆ ಫಾರಂ ಇನ್ನೂ ಹಸಿರಾಗಿದೆಯಂತೆ. ಸಾಬರು ಇನ್ನೂ ಸುಳಿ ಹುಡುಕುತ್ತಿದ್ದಾರಂತೆ, ಸತ್ತ ಮರಿಗಳ ಹಣೆಯಲ್ಲೂ. ಕೇಳಿದಾಗಲೆಲ್ಲ ನನ್ನ ಗೊರಸು ನೆಲ ಕೆರೆಯುತ್ತದೆ.

ಸಂಜೆ ಸಾಕಮ್ಮ ಮೈ ತಿಕ್ಕುವಾಗ ಅವಳ ಬೆರಳು ನನ್ನ ಹಣೆ ದಾಟಿ ಹೋಗುತ್ತದೆ. ಅಲ್ಲಿ ನಿಲ್ಲುವುದಿಲ್ಲ. ಅಲ್ಲಿರುವುದು ಬರೀ ಕೂದಲು.