ಯಾಕ್ಬೇಕಣ್ಣನ ಪದಬಂಧ

ನಮ್ಮ ಪತ್ರಿಕೆಗೆ ಪದಬಂಧ ಕಟ್ಟುವ ಮಹಾನುಭಾವನಿಗೆ ನಾವಿಟ್ಟ ಹೆಸರು ಯಾಕ್ಬೇಕಣ್ಣ. ಫ್ಯಾನು ಕೆಟ್ಟರೂ "ಯಾಕ್ಬೇಕು ಬಿಡಿ", ಸಂಬಳ ತಡವಾದರೂ "ಯಾಕ್ಬೇಕು ಬಿಡಿ". ಅವನ ಸುಳಿವುಗಳೂ ಅವನ ಹಾಗೇ. "ಬಾಯಿಗೆ ಹಾಕಿಕೊಳ್ಳಬೇಕಾದದ್ದು, ಎರಡಕ್ಷರ": ಬೀಗ. "ಊರವರದು ನಮಗೆ ಬೇಡವಾದದ್ದು, ನಾಲ್ಕಕ್ಷರ": ಉಸಾಬರಿ. ಕರಡು ತಿದ್ದುವ ನನಗಂತೂ ಓದಿ ಓದಿ ತಲೆ ಚಿಟ್ಟು ಹಿಡಿದಿತ್ತು.

ಹೋದ ವಾರ ಈ ಪುಣ್ಯಾತ್ಮ ಹೊಸ ಚೌಕಗಳಿಗೆ ಹಳೇ ಸುಳಿವು ಕೊಟ್ಟುಬಿಟ್ಟ. ಬೆಳಗಾಗುತ್ತಲೇ ಓದುಗರ ಫೋನು. ಸಂಪಾದಕರು ಕೆಂಡಾಮಂಡಲ. ಪುಟ ಕಟ್ಟುವ ಹುಡುಗಿಯೇ ಅದಲುಬದಲು ಮಾಡಿದ್ದಾಳೆ ಅಂತ ತೀರ್ಮಾನಿಸಿ, ಶುಕ್ರವಾರಕ್ಕೆ ಕೆಲಸ ಬಿಡು ಅಂದರು. ಅವಳ ದುಡಿಮೆಯಲ್ಲೇ ಮನೆ ನಡೆಯಬೇಕು, ಹಾಸಿಗೆ ಹಿಡಿದ ಅಪ್ಪ ಬೇರೆ. ತಪ್ಪು ಯಾಕ್ಬೇಕಣ್ಣನದು ಅಂತ ನಾನು ಹೋಗಿ ಜಗಳ ಆಡಿದೆ.

"ತಪ್ಪು ಅವನದಾದ್ರೆ ಅವನೇ ಬಂದು ಹೇಳಲಿ, ಹುಡುಗೀನ ಉಳಿಸಿಕೊಳ್ತೀನಿ" ಅಂದರು ಸಂಪಾದಕರು.

ಸೀದಾ ಯಾಕ್ಬೇಕಣ್ಣನ ಮೇಜಿನ ಮುಂದೆ ನಿಂತೆ. "ಏನಣ್ಣ, ಹೇಳ್ತೀಯೋ ಇಲ್ವೋ?"

"ಹೇಳ್ತೀನಮ್ಮ. ನನ್ನದೇ ರೀತೀಲಿ ಹೇಳ್ತೀನಿ."

ಶುಕ್ರವಾರ ಮಧ್ಯಾಹ್ನ ಆ ರೀತಿ ಕಣ್ಣಿಗೆ ಬಿತ್ತು. ಮರುದಿನದ ಪದಬಂಧ! ಮೊದಲ ಸಾಲು: "ಸರಿಯಲ್ಲದ್ದು, ಎರಡಕ್ಷರ". ಉತ್ತರ, ತಪ್ಪು. ಅದರ ಪಕ್ಕದಲ್ಲೇ "ನಿನ್ನದಲ್ಲ, ಮೂರಕ್ಷರ". ಉತ್ತರ, ನನ್ನದು.

"ನೋಡಮ್ಮ, ಸಂಪಾದಕರಿಗೆ ಮಾತ್ರ ಅಲ್ಲ, ಊರಿಗೇ ಹೇಳಿದ್ದೀನಿ" ಅಂತ ಎದೆಯುಬ್ಬಿಸಿದ.

"ಅಯ್ಯೋ ನಿನ್ನ! ಸಂಪಾದಕರು ಪದಬಂಧ ಯಾವತ್ತು ಬಿಡಿಸಿದ್ದಾರೆ?"

"ಬಿಡಿಸದೇ ಇದ್ರೆ ಅದಕ್ಕೆ ನಾನೇನು ಮಾಡಲಿ?"

ಮೈಯೆಲ್ಲ ಉರಿದುಹೋಯಿತು. ತೋಳು ಹಿಡಿದು ಎಳೆದೆ. ಮಹರಾಯ ಕುರ್ಚಿ ಬಿಟ್ಟು ಅಲ್ಲಾಡಲಿಲ್ಲ.

ಆ ಪುಟವನ್ನು ಕಟ್ಟುತ್ತಿದ್ದದ್ದು ಅದೇ ಹುಡುಗಿ. ತನ್ನ ಮೇಲಿನ ತಪ್ಪನ್ನು ತೆಗೆಯುವ ಪದಬಂಧವನ್ನು ತಾನೇ ಕೂತು, ಒಂದು ಗೆರೆ ಓರೆಯಾಗದ ಹಾಗೆ ಜೋಡಿಸಿದಳು. ಆಮೇಲೆ ಎದ್ದು ಅವನ ಹತ್ತಿರ ಬಂದಳು.

"ಅಣ್ಣ, ಇದರ ಉತ್ತರ ಅಚ್ಚಾಗೋದು ನಾಡಿದ್ದು. ನನ್ನ ಕೆಲಸ ಇವತ್ತಿಗೆ ಮುಗೀತು. ಅವರ ರೂಮು ಅಲ್ಲೇ ಇದೆ, ಬಾಗಿಲೂ ತೆಗೆದಿದೆ. ಒಂದು ಮಾತು ಹೇಳಿ ಬರೋಕಾಗಲ್ವಾ?"

ಅವನು ಬಾಗಿಲ ಕಡೆ ನೋಡಿದ. ಕನ್ನಡಕ ತೆಗೆದು ಒರೆಸಿಕೊಂಡ. "ನಾಡಿದ್ದು ಪೇಪರ್ ನೋಡಮ್ಮ, ನಿನಗೇ ಸಮಾಧಾನ ಆಗುತ್ತೆ" ಅಂದ.

ಹುಡುಗಿ ಕಂಪ್ಯೂಟರ್ ಆರಿಸಿ ಚೀಲ ಎತ್ತಿಕೊಂಡಳು.

"ಇಲ್ಲಿದ್ದಾಗ ಪೇಪರ್ ಪುಕ್ಕಟೆ ಸಿಗ್ತಿತ್ತಣ್ಣ" ಅಂದಳು. "ಇನ್ಮೇಲೆ ದುಡ್ಡು ಕೊಟ್ಟು ತರಬೇಕಲ್ಲ."